ಆ ಕೋಣೆಯಲ್ಲಿ ಅವಳ ಹೆಸರು ಹೇಳೋರು ಯಾರು?



ತಿತಿಮತಿ ಅಂದ ಕೂಡಲೇ ನಮ್ಮ ಸುದ್ದಿಮನೆಗೆ ನೆನಪಾಗೋದು ಆನೆ. ಕಾಫಿ ತೋಟಕ್ಕೆ ಆನೆ ನುಗ್ಗಿತು, ರಸ್ತೆಗೆ ಆನೆ ಬಂತು, ಕೆಲಸಕ್ಕೆ ಹೊರಟವರ ಮೇಲೆ ಆನೆ ದಾಳಿ ಮಾಡಿತು. ದಸರಾ ಹತ್ತಿರ ಬಂದರೆ ಪಕ್ಕದ ಮತ್ತಿಗೋಡು ಶಿಬಿರದಿಂದ ಅಭಿಮನ್ಯು ಹೊರಟ ಸುದ್ದಿ. 2020ರಲ್ಲಿ ಮೊದಲ ಸಲ ಮೈಸೂರಿನ ಚಿನ್ನದ ಅಂಬಾರಿ ಹೊತ್ತವನು ಅವನು. ಇವತ್ತು ನಾನೂ ತಿತಿಮತಿಯಿಂದಲೇ ಮಾತು ಶುರು ಮಾಡ್ತೀನಿ. ಆದರೆ ಕ್ಯಾಮೆರಾ ಆನೆಯ ಮೇಲೆ ಬೇಡ. ಆನೆಯ ಪಕ್ಕದಲ್ಲಿ ನಿಂತಿರೋ ಇಬ್ಬರ ಮೇಲೆ ಇಡೋಣ.

ಶಿಬಿರದಲ್ಲಿ ಆನೆಗೆ ಒಬ್ಬ ಮಾವುತ, ಒಬ್ಬ ಕಾವಾಡಿ. ಕಾವಾಡಿ ಸೊಪ್ಪು ತರ್ತಾನೆ, ಆನೆಯ ಮೈ ತೊಳೀತಾನೆ, ಮಾವುತನ ಜೊತೆಗೇ ಓಡಾಡ್ತಾನೆ. ಆನೆ ಇವತ್ತು ಯಾಕೆ ಸಿಡುಕುತ್ತಿದೆ, ಯಾವಾಗ ಹತ್ತಿರ ಹೋಗಬಾರದು, ಯಾವ ಮಾತಿಗೆ ಬಗ್ಗುತ್ತೆ, ಇದೆಲ್ಲ ಪಠ್ಯಪುಸ್ತಕದಲ್ಲಿ ಸಿಗಲ್ಲ. ಪಕ್ಕದಲ್ಲಿದ್ದೇ ಕಲೀಬೇಕು. ಹಾಗೆ ಕಲಿತ ಕಾವಾಡಿ ಮುಂದೊಂದು ದಿನ ತಾನೇ ಮಾವುತ ಆಗ್ತಾನೆ.

ಬೆಂಗಳೂರಿನ ಕಂಪನಿಗಳು ಇದಕ್ಕೆ ಮೆಂಟರಿಂಗ್ ಅಂತ ಹೆಸರಿಟ್ಟು, ವರ್ಷಕ್ಕೊಂದು ಕಾರ್ಯಾಗಾರ ಮಾಡಿ, ಗ್ರೂಪ್ ಫೋಟೋ ತೆಗೆಸ್ತಾವೆ. ಹೆಸರು ಏನೇ ಇರಲಿ, ಅರ್ಥ ಇಷ್ಟೇ: ಕೆಲಸದಲ್ಲಿ ಮುಂದೆ ಹೋದವರು, ಹಿಂದೆ ಬರುವವರನ್ನ ಪಕ್ಕದಲ್ಲಿ ಇಟ್ಟುಕೊಂಡು ಬೆಳೆಸೋದು. ಇವತ್ತಿನ ನನ್ನ ಪ್ರಶ್ನೆ ಇದು. ಕೆಲಸಕ್ಕೆ ಸೇರಿದ ನಮ್ಮ ಹೆಣ್ಣುಮಕ್ಕಳಿಗೆ ಈ ಮಾವುತ ಯಾಕೆ ಸಿಗಲ್ಲ? ಸಿಕ್ಕರೂ ಅವರು ಕೊನೇವರೆಗೂ ಕಾವಾಡಿಯಾಗೇ ಯಾಕೆ ಉಳೀತಾರೆ?

ಕೊಡಗಿನವರಿಗೆ ಮಾರ್ಗದರ್ಶನದ ಬೆಲೆ ಏನು ಅಂತ ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಹುಟ್ಟಿದ ನಾಡು ಅದು. ಅಲ್ಲಿ ಸೇನೆಗೆ ಸೇರಬೇಕು ಅಂತ ಹೊರಟ ಹುಡುಗನಿಗೆ ಮನೆಯಲ್ಲೋ ಪಕ್ಕದ ಮನೆಯಲ್ಲೋ ಒಬ್ಬ ನಿವೃತ್ತ ಸುಬೇದಾರರು ಸಿಗ್ತಾರೆ. ಯಾವ ಅರ್ಜಿ ಹಾಕಬೇಕು, ಸಂದರ್ಶನದಲ್ಲಿ ಹೇಗೆ ನಿಲ್ಲಬೇಕು, ಮೊದಲ ಆರು ತಿಂಗಳು ಹೇಗೆ ಹಲ್ಲು ಕಚ್ಚಿ ಕಳೀಬೇಕು, ಎಲ್ಲ ಹೇಳಿಕೊಡ್ತಾರೆ. ಇಷ್ಟು ಸಣ್ಣ ಜಿಲ್ಲೆಯಿಂದ ಅಷ್ಟು ಜನ ಸೇನಾಧಿಕಾರಿಗಳು ಬಂದಿದ್ದಕ್ಕೆ ಧೈರ್ಯ ಒಂದೇ ಕಾರಣ ಅಲ್ಲ. ಕೈ ಹಿಡಿದು ನಡೆಸೋರ ಒಂದು ಸಾಲೇ ಅಲ್ಲಿ ಇತ್ತು.

ಈಗ ತೋಟಕ್ಕೆ ಬನ್ನಿ. ದೇಶದ ಕಾಫಿಯಲ್ಲಿ ಸುಮಾರು 70 ಶೇಕಡಾ ಬೆಳೆಯೋದು ಕರ್ನಾಟಕದಲ್ಲಿ, ಅದರಲ್ಲಿ ದೊಡ್ಡ ಪಾಲು ಕೊಡಗಿನದು. ಮೊದಲು ಅರೇಬಿಕಾ ಕೊಯ್ಲು, ಆಮೇಲೆ ರೊಬಸ್ಟಾ. ಚೀಲ ಕಟ್ಟಿಕೊಂಡು ಹಣ್ಣು ಕೊಯ್ಯೋರಲ್ಲಿ ಹೆಂಗಸರು ಎಷ್ಟಿದ್ದಾರೆ ಅಂತ ತೋಟ ನೋಡಿದವರಿಗೆಲ್ಲ ಗೊತ್ತು. ಯಾವ ಗಿಡ ಹಣ್ಣಾಗಿದೆ, ಯಾವುದಕ್ಕೆ ಇನ್ನೂ ವಾರ ಬೇಕು, ಕಾಯಿಕೊರಕ ಎಲ್ಲಿ ಬಿದ್ದಿದೆ, ಇದೆಲ್ಲ ಮೊದಲು ಕಣ್ಣಿಗೆ ಬೀಳೋದು ಅವರಿಗೇ. ಆದರೆ ತೂಕ ಬರೆಯೋರು, ಹಾಜರಿ ಪುಸ್ತಕ ಹಿಡಿಯೋರು, ನಾಳೆ ಯಾವ ಬ್ಲಾಕಿಗೆ ಯಾರು ಅಂತ ತೀರ್ಮಾನ ಮಾಡೋರು ಯಾರು? ರೈಟರ್. ಬಹಳಷ್ಟು ಕಡೆ ಗಂಡಸು. ಹೊಸದಾಗಿ ಬಂದ ಹುಡುಗ ರೈಟರ್ ಪಕ್ಕ ನಿಂತು, ಪುಸ್ತಕ ಹಿಡಿದು, ಲೆಕ್ಕ ಕಲಿತು ತಾನೂ ರೈಟರ್ ಆಗ್ತಾನೆ. ಇಪ್ಪತ್ತು ವರ್ಷದಿಂದ ಕೊಯ್ಯುತ್ತಿರೋ ಹೆಂಗಸಿಗೆ, "ಬಾರಮ್ಮ, ಇವತ್ತು ಈ ಪುಸ್ತಕ ನೀನು ಹಿಡಿ" ಅಂತ ಹೇಳೋರಿಲ್ಲ. ಅವಳಿಗೆ ಬುದ್ಧಿ ಇಲ್ಲ ಅಂತಲ್ಲ. ಆ ಪುಸ್ತಕದ ಪಕ್ಕ ಅವಳನ್ನ ಯಾರೂ ನಿಲ್ಲಿಸಲಿಲ್ಲ.

ಅದೇ ಕಾಫಿಯ ಇನ್ನೊಂದು ತುದಿ ನೋಡಿ. ಏಷ್ಯಾದ ಮೊದಲ ಮಹಿಳಾ ಕಾಫಿ ರುಚಿ ಪರೀಕ್ಷಕಿ ಅಂತ ಹೆಸರಾದ ಸುನಾಲಿನಿ ಮೆನನ್ ಕಾಫಿ ಮಂಡಳಿಯಲ್ಲಿ ಎರಡು ದಶಕ ಕೆಲಸ ಮಾಡಿ, ಗುಣಮಟ್ಟ ವಿಭಾಗದ ಮುಖ್ಯಸ್ಥೆಯಾಗಿ, ಆಮೇಲೆ ಬೆಂಗಳೂರಿನಲ್ಲಿ ತಮ್ಮದೇ ಕಾಫಿ ಲ್ಯಾಬ್ ಕಟ್ಟಿದರು. ರುಚಿ ನೋಡೋ ಕೆಲಸವೂ ಮಾವುತನ ಕೆಲಸದ ಹಾಗೇ. ಚಮಚದಲ್ಲಿ ಕಾಫಿ ಹೀರಿ ಉಗುಳಿ, ಇದರಲ್ಲಿ ಮಣ್ಣಿನ ವಾಸನೆ ಇದೆ, ಇದು ಜಾಸ್ತಿ ಹುಳಿಯಾಗಿದೆ ಅಂತ ಗುರುತು ಹಿಡಿಯೋದನ್ನ ಪಕ್ಕದಲ್ಲಿ ಕೂತ ಅನುಭವಿಯ ನಾಲಿಗೆಯಿಂದಲೇ ಕಲೀಬೇಕು. ಆ ಮೇಜಿನ ಹತ್ತಿರ ಒಂದು ಹೆಣ್ಣಿಗೆ ಜಾಗ ಸಿಕ್ಕಿತು. ಮುಂದೆ ಏನಾಯ್ತು ಅಂತ ಕಾಫಿ ಲೋಕಕ್ಕೇ ಗೊತ್ತು.

ನಾನು ಓದಿದ್ದು ಇಂಜಿನಿಯರಿಂಗ್. ನಮಗೆ ಮೊದಲ ಸೆಮಿಸ್ಟರ್‌ನಲ್ಲೇ ಹೇಳಿಕೊಡ್ತಾರೆ: ಎಷ್ಟೇ ವೋಲ್ಟೇಜ್ ಇರಲಿ, ಸರ್ಕ್ಯೂಟ್ ಪೂರ್ತಿ ಆಗದೆ ಕರೆಂಟ್ ಹರಿಯಲ್ಲ. ನಾವು ಏನು ಮಾಡ್ತಿದ್ದೀವಿ? ಹೆಣ್ಣುಮಕ್ಕಳನ್ನ ಓದಿಸ್ತಿದ್ದೀವಿ. ಪೊನ್ನಂಪೇಟೆಯಲ್ಲಿ ಇಂಜಿನಿಯರಿಂಗ್ ಕಾಲೇಜಿದೆ, ಅರಣ್ಯ ಮಹಾವಿದ್ಯಾಲಯ ಇದೆ, ಗೋಣಿಕೊಪ್ಪಲಿನಲ್ಲಿ ಕಾವೇರಿ ಕಾಲೇಜಿದೆ. ತಿತಿಮತಿಯ ಹುಡುಗಿ ಬಸ್ ಹತ್ತಿ ಹೋಗಿ ಡಿಗ್ರಿ ತಗೋತಾಳೆ. ವೋಲ್ಟೇಜ್ ಬಂತು. ಕೆಲಸಕ್ಕೂ ಸೇರ್ತಾಳೆ. ಆಮೇಲೆ ಒಂದು ಕಡೆ ವೈರ್ ಕಟ್ ಆಗಿರುತ್ತೆ.

ಎಲ್ಲಿ ಕಟ್ ಆಗಿದೆ ಗೊತ್ತಾ? ಮೊದಲ ಮೆಟ್ಟಿಲಲ್ಲೇ. ಅಮೆರಿಕದ ಕಂಪನಿಗಳ ಬಗ್ಗೆ ಮೆಕಿನ್ಸಿ ಮತ್ತು ಲೀನ್ ಇನ್ ಸಂಸ್ಥೆಗಳು 2024ರಲ್ಲಿ ಕೊಟ್ಟ ವರದಿ ಪ್ರಕಾರ, 100 ಗಂಡಸರಿಗೆ ಮೊದಲ ಸಲ ಮ್ಯಾನೇಜರ್ ಆಗಿ ಬಡ್ತಿ ಸಿಕ್ಕರೆ, ಹೆಂಗಸರಿಗೆ ಸಿಕ್ಕಿದ್ದು 81. ನಾವೆಲ್ಲ ಮೇಲಿನ ಗಾಜಿನ ಚಾವಣಿಯ ಬಗ್ಗೆ ಮಾತಾಡ್ತೀವಿ. ಸಿಇಒ ಹೆಣ್ಣಾ ಗಂಡಾ ಅಂತ ಚರ್ಚೆ ಮಾಡ್ತೀವಿ. ಆದರೆ ಏಣಿಯ ಕೆಳಗಿನ ಮೆಟ್ಟಿಲೇ ಮುರಿದಿದ್ದರೆ ಚಾವಣಿಯವರೆಗೆ ಹೋಗೋದು ಯಾರು?

ಆ ಮೊದಲ ಮೆಟ್ಟಿಲಿನ ತೀರ್ಮಾನ ಆಗೋದು ಹೇಗೆ ಅಂತ ಕೆಲಸ ಮಾಡೋ ಪ್ರತಿಯೊಬ್ಬರಿಗೂ ಗೊತ್ತು. ಕಾಗದದ ಮೇಲೆ ಅಪ್ರೈಸಲ್ ಇರುತ್ತೆ. ನಿಜವಾದ ಮಾತುಕತೆ ಟೀ ಅಂಗಡಿ ಹತ್ತಿರ, ಕಾರಿನಲ್ಲಿ, ಸಂಜೆ ಆರರ ಮೇಲೆ. ಯಾವ ಪ್ರಾಜೆಕ್ಟ್ ಬರ್ತಿದೆ, ಯಾರು ಬಿಟ್ಟು ಹೋಗ್ತಿದ್ದಾರೆ, ಸಾಹೇಬರಿಗೆ ಯಾವ ರೀತಿ ವರದಿ ಇಷ್ಟ, ಎಲ್ಲ ಅಲ್ಲೇ ಓಡಾಡುತ್ತೆ. ಆ ಹೊತ್ತಿಗೆ ನಮ್ಮ ತಿತಿಮತಿಯ ಹುಡುಗಿ ಎಲ್ಲಿರ್ತಾಳೆ? ಬಸ್ ಸ್ಟ್ಯಾಂಡಿನಲ್ಲಿ. ಕತ್ತಲಾದರೆ ರಸ್ತೆಗೆ ಆನೆ ಬರುತ್ತೆ, ಮನೆಯಲ್ಲಿ ಅಮ್ಮ ಬಾಗಿಲಲ್ಲಿ ನಿಂತಿರ್ತಾರೆ. ಬೆಂಗಳೂರಿನವಳಾದರೆ ಆನೆ ಇಲ್ಲ, ಆದರೆ ಡೇ ಕೇರ್‌ನಲ್ಲಿ ಮಗು ಕಾಯ್ತಿರುತ್ತೆ. ಬೆಳಿಗ್ಗೆ ಇವಳು ಆಫೀಸಿಗೆ ಬರೋಷ್ಟರಲ್ಲಿ ಅರ್ಧ ತೀರ್ಮಾನ ಮುಗಿದಿರುತ್ತೆ. ಅವಳಿಗೆ ಯಾರೂ ಅನ್ಯಾಯ ಮಾಡಬೇಕು ಅಂತ ಮಾಡಿರಲ್ಲ. ಅವಳ ಹೆಸರು ನೆನಪಾಗಿರಲ್ಲ, ಅಷ್ಟೇ. ಆ ಅಷ್ಟರಲ್ಲೇ ಐದು ವರ್ಷ ಹೋಗುತ್ತೆ.

"ಪ್ರತಿಭೆ ಇದ್ದರೆ ತಾನಾಗೇ ಮೇಲೆ ಬರ್ತಾಳೆ ಬಿಡಿ ಮೇಡಂ" ಅಂತ ಹೇಳೋರು ಇದ್ದಾರೆ. ಅವರಿಗೆ ಅದೇ ನೆಲದ ಒಂದು ಕಥೆ ಹೇಳ್ತೀನಿ. ತಿತಿಮತಿ ಈಗ ಪೊನ್ನಂಪೇಟೆ ತಾಲೂಕಿನಲ್ಲಿದೆ, ಮೊದಲು ವಿರಾಜಪೇಟೆ ತಾಲೂಕಿನಲ್ಲಿತ್ತು. ಆ ವಿರಾಜಪೇಟೆಯಲ್ಲಿ 1924ರಲ್ಲಿ ಹುಟ್ಟಿದವರು ಸಿ.ಬಿ. ಮುತ್ತಮ್ಮ. ಒಂಬತ್ತನೇ ವಯಸ್ಸಿಗೆ ತಂದೆಯನ್ನ ಕಳೆದುಕೊಂಡರು. ತಾಯಿ ಹಠ ಹಿಡಿದು ಮಕ್ಕಳನ್ನ ಓದಿಸಿದರು. ಮಡಿಕೇರಿಯಲ್ಲಿ ಶಾಲೆ, ಮದರಾಸಿನಲ್ಲಿ ಕಾಲೇಜು. 1948ರಲ್ಲಿ ಕೇಂದ್ರ ನಾಗರಿಕ ಸೇವಾ ಪರೀಕ್ಷೆ ಪಾಸಾದ ಮೊದಲ ಮಹಿಳೆ, 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಇದಕ್ಕಿಂತ ಪ್ರತಿಭೆ ಬೇಕಾ?

ಈಗ ಮುಂದಿನದು ಕೇಳಿ. ಸಂದರ್ಶನದಲ್ಲಿ ಲೋಕಸೇವಾ ಆಯೋಗದ ಅಧ್ಯಕ್ಷರೇ, ವಿದೇಶಾಂಗ ಸೇವೆ ನಿಮಗೆ ಬೇಡ ಅಂತ ಮನವೊಲಿಸೋಕೆ ನೋಡಿದರು ಅಂತ ಮುತ್ತಮ್ಮ ಮುಂದೆ ಸುಪ್ರೀಂ ಕೋರ್ಟಿಗೆ ಕೊಟ್ಟ ಅರ್ಜಿಯಲ್ಲಿ ಹೇಳಿದರು. ಮದುವೆಯಾದರೆ ರಾಜೀನಾಮೆ ಕೊಡ್ತೀನಿ ಅಂತ ಸೇರುವಾಗಲೇ ಮುಚ್ಚಳಿಕೆ ಬರೆದುಕೊಡಬೇಕಾಯ್ತು ಅಂತಲೂ ಹೇಳಿದರು. 1961ರ ಸೇವಾ ನಿಯಮದಲ್ಲಿ, ಮದುವೆಗೆ ಮುಂಚೆ ಮಹಿಳಾ ಅಧಿಕಾರಿ ಸರ್ಕಾರದ ಲಿಖಿತ ಅನುಮತಿ ತಗೋಬೇಕು, ಸಂಸಾರದಿಂದ ಕೆಲಸಕ್ಕೆ ಅಡ್ಡಿ ಅನ್ನಿಸಿದರೆ ರಾಜೀನಾಮೆ ಕೇಳಬಹುದು ಅಂತ ಇತ್ತು. ಗಂಡಸಿಗೆ ಇಂಥ ನಿಯಮ ಇರಲಿಲ್ಲ.

ಗಮನಿಸಿ, ಮುತ್ತಮ್ಮನವರಿಗೆ ಹಿರಿಯರ ಸಲಹೆ ಸಿಗಲಿಲ್ಲ ಅಂತಲ್ಲ. ಸಿಕ್ಕಿತು. "ಇದು ನಿನಗೆ ಬೇಡಮ್ಮ" ಅನ್ನೋ ಸಲಹೆ. ನಮ್ಮ ಹೆಣ್ಣುಮಕ್ಕಳಿಗೆ ಎಂದೂ ಕೊರತೆಯಾಗದ ಸಲಹೆ ಅಂದ್ರೆ ಇದೊಂದೇ.

ಆದರೂ ಅವರು ದುಡಿದರು. 1970ರಲ್ಲಿ ಹಂಗೇರಿಗೆ ರಾಯಭಾರಿ, ಆಮೇಲೆ ಘಾನಾಕ್ಕೆ. ಇಷ್ಟಾದ ಮೇಲೂ ಮೇಲಿನ ದರ್ಜೆಯ ಬಡ್ತಿ ಬಂದಾಗ, ಇವರಿಗೆ ಅಷ್ಟು ಅರ್ಹತೆ ಇಲ್ಲ ಅಂತ ಪಕ್ಕಕ್ಕಿಟ್ಟರು. ಮೂವತ್ತು ವರ್ಷ ಸೇವೆ ಮಾಡಿದ ಹೆಣ್ಣುಮಗಳು ತಾನು ಕೆಲಸ ಮಾಡೋ ಸರ್ಕಾರದ ವಿರುದ್ಧವೇ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದರು. ಕೇಸು ನಡೀತಿದ್ದಾಗಲೇ ಸರ್ಕಾರ ಬಡ್ತಿ ಕೊಟ್ಟು ಹೇಗ್ ನಗರಕ್ಕೆ ರಾಯಭಾರಿ ಮಾಡಿತು. ಕೆಲವು ತಿಂಗಳ ಹಿಂದೆ ಇಲ್ಲದ ಅರ್ಹತೆ ಅರ್ಜಿ ಹಾಕಿದ ಮೇಲೆ ಬಂದುಬಿಟ್ಟಿತು! 1979ರ ಸೆಪ್ಟೆಂಬರ್‌ನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರಿದ್ದ ಪೀಠ ತೀರ್ಪು ಕೊಟ್ಟಿತು. ಬಡ್ತಿ ಸಿಕ್ಕಿದ್ದರಿಂದ ಅರ್ಜಿ ಅಲ್ಲಿಗೆ ಮುಗೀತು. ಆದರೆ ಹೆಣ್ಣು ಗಂಡು ಅಂತ ಭೇದ ಮಾಡೋ ಸೇವಾ ನಿಯಮಗಳನ್ನೆಲ್ಲ ಸರ್ಕಾರ ತಾನಾಗೇ ಸರಿಪಡಿಸಬೇಕು, ಒಬ್ಬೊಬ್ಬರು ಕೋರ್ಟಿಗೆ ಬರೋವರೆಗೆ ಕಾಯಬಾರದು ಅಂತ ಪೀಠ ಖಡಕ್ಕಾಗಿ ಹೇಳಿತು.

ಆ ತೀರ್ಪಿಗೆ ನಾವೆಲ್ಲ ಚಪ್ಪಾಳೆ ತಟ್ಟೋಣ. ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಿಕೊಳ್ಳೋಣ. ಬಡ್ತಿ ಪಟ್ಟಿ ತಯಾರಾಗೋ ಆ ಕೋಣೆಯಲ್ಲಿ, "ಮುತ್ತಮ್ಮ ಯಾಕಾಗಬಾರದು?" ಅಂತ ಒತ್ತಿ ಹೇಳೋ ಒಂದು ಗಟ್ಟಿ ದನಿ ಇದ್ದಿದ್ದರೆ ಅವರು ಕೋರ್ಟಿಗೆ ಹೋಗಬೇಕಿತ್ತಾ? ಎಲ್ಲ ಹೆಣ್ಣುಮಕ್ಕಳೂ ಮುತ್ತಮ್ಮ ಆಗೋಕೆ ಸಾಧ್ಯ ಇಲ್ಲ. ಸುಪ್ರೀಂ ಕೋರ್ಟಿಗೆ ಹೋಗೋವಷ್ಟು ಗಟ್ಟಿತನ ಇದ್ದರೆ ಮಾತ್ರ ಬಡ್ತಿ ಅನ್ನೋದಾದರೆ ಅದು ವ್ಯವಸ್ಥೆಯೇ ಅಲ್ಲ.

ಒಳಗೆ ಒಬ್ಬರಿದ್ದರೆ ಏನಾಗುತ್ತೆ? ಅದಕ್ಕೂ ನಮ್ಮಲ್ಲೇ ಕಥೆ ಇದೆ. 1933. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಕಮಲಾ ಭಾಗವತ್ ಅನ್ನೋ ಹುಡುಗಿ, ಮುಂದೆ ಕಮಲಾ ಸೊಹೊನಿ ಅಂತ ಹೆಸರಾದವರು, ಸಂಶೋಧನೆಗೆ ಸೀಟು ಕೇಳಿದರು. ನಿರ್ದೇಶಕರು ಸರ್ ಸಿ.ವಿ. ರಾಮನ್. ಹೆಣ್ಣು ಅನ್ನೋ ಕಾರಣಕ್ಕೆ ಇಲ್ಲ ಅಂದರು. ಹುಡುಗಿ ಜಗ್ಗಲಿಲ್ಲ. ಕೊನೆಗೆ ಒಂದು ವರ್ಷ ನೋಡೋಣ ಅಂತ ಷರತ್ತು ಹಾಕಿ ಒಳಗೆ ಬಿಟ್ಟರು. ಅಲ್ಲಿ ಅವರಿಗೆ ಸಿಕ್ಕ ಗುರು ಎಂ. ಶ್ರೀನಿವಾಸಯ್ಯ. ಹಾಲು, ಬೇಳೆಕಾಳುಗಳಲ್ಲಿರೋ ಪ್ರೋಟೀನ್ ಬಗ್ಗೆ ಅವರ ಕೈಕೆಳಗೆ ಕೆಲಸ ಕಲಿತರು. ವರ್ಷ ಮುಗಿಯೋ ಹೊತ್ತಿಗೆ ಆ ಕೆಲಸವೇ ಮಾತಾಡಿತು. ರಾಮನ್ ಅವರೇ ಒಪ್ಪಿಕೊಂಡರು, ಸಂಸ್ಥೆಯ ಬಾಗಿಲು ಬೇರೆ ಹೆಣ್ಣುಮಕ್ಕಳಿಗೂ ತೆರೀತು. ಕಮಲಾ 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ತಂದರು. ಬಾಗಿಲು ತಟ್ಟಿದ್ದು ಅವರ ಹಠ. ಒಳಗೆ ಹೋದ ಮೇಲೆ ಬೆಳೆಸಿದ್ದು ಒಬ್ಬ ಗುರು. ಎರಡೂ ಬೇಕಾಯ್ತು.

ಮುಂದೆ ಗುರಿ ಇರಬೇಕು, ಹಿಂದೆ ಗುರು ಇರಬೇಕು ಅಂತ ನಮ್ಮ ಹಿರಿಯರು ಹೇಳ್ತಾರೆ. ಇವತ್ತಿನ ಆಫೀಸಿನ ಲೆಕ್ಕದಲ್ಲಿ ಗುರು ಹಿಂದೆ ಇದ್ದರೆ ಸಾಲದು. ತೀರ್ಮಾನ ಆಗೋ ಕೋಣೆಯ ಒಳಗಿರಬೇಕು. 2010ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಎರ್ಮಿನಿಯಾ ಇಬಾರಾ ಮತ್ತು ಅವರ ಸಹಲೇಖಕಿಯರು ಇದನ್ನೇ ಬರೆದರು. ದೊಡ್ಡ ಕಂಪನಿಗಳಲ್ಲಿ ಹೆಂಗಸರಿಗೆ ಸಲಹೆಗಾರರು ಬೇಕಾದಷ್ಟು ಜನ ಇದ್ದಾರೆ, ಆದರೂ ಬಡ್ತಿ ಹೆಚ್ಚಾಗಿ ಸಿಕ್ಕಿದ್ದು ಗಂಡಸರಿಗೆ. ಯಾಕೆ ಅಂದ್ರೆ ಗಂಡಸರ ಮೆಂಟರ್‌ಗಳು ಸಲಹೆ ಕೊಟ್ಟು ಸುಮ್ಮನಾಗಲ್ಲ, ತಮ್ಮ ಮಾತಿನ ತೂಕ ಹಾಕಿ ಇವನಿಗೆ ಕೊಡಿ ಅಂತಾರೆ. ಕನ್ನಡದಲ್ಲಿ ಹೇಳೋದಾದರೆ, ಹೆಣ್ಣುಮಕ್ಕಳಿಗೆ ಬುದ್ಧಿ ಹೇಳೋರು ಜಾಸ್ತಿ, ಹೆಸರು ಹೇಳೋರು ಕಡಿಮೆ.

ನಾನು ಈ ಕೆಲಸಕ್ಕೆ ಬಂದ ಹೊಸತರಲ್ಲಿ ಹೆಣ್ಣುಮಕ್ಕಳಿಗೆ ಹವಾಮಾನ, ಹಬ್ಬ, ಅಡುಗೆ. ಚುನಾವಣೆ ಗಂಡಸರಿಗೆ. ಡೆಸ್ಕಿನಲ್ಲಿದ್ದ ಒಬ್ಬ ಹಿರಿಯಕ್ಕ ನನ್ನ ಹತ್ತಿರ ಬಂದು ಎರಡೇ ಮಾತು ಹೇಳಿದರು: "ಎಣಿಕೆ ದಿನದ ಡ್ಯೂಟಿ ನೀನು ಕೇಳು. ಸಂಪಾದಕರಿಗೆ ನಾನೂ ಹೇಳ್ತೀನಿ." ಕೇಳು ಅಂದಿದ್ದು ಬುದ್ಧಿ. ನಾನೂ ಹೇಳ್ತೀನಿ ಅಂದಿದ್ದು ಇದೆಯಲ್ಲ, ನನ್ನ ಕೆಲಸ ಬದಲಾಗಿದ್ದು ಅದರಿಂದ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಮಾರ್ಗದರ್ಶನದ ಹೆಸರಿನಲ್ಲಿ ಕುರ್ಚಿಯನ್ನೇ ಹೊತ್ತುಕೊಂಡು ಹೋಗೋರಿದ್ದಾರೆ. ನಮ್ಮ ಗ್ರಾಮ ಪಂಚಾಯಿತಿಗಳನ್ನ ನೋಡಿ. ಕರ್ನಾಟಕದಲ್ಲಿ ಪಂಚಾಯಿತಿಯ ಅರ್ಧ ಸೀಟು ಹೆಣ್ಣುಮಕ್ಕಳಿಗೆ. ಒಳ್ಳೇದು. ಆದರೆ ಅಧ್ಯಕ್ಷೆ ಮನೆಯಲ್ಲಿ, ಅಧ್ಯಕ್ಷೆಯ ಗಂಡ ಸಭೆಯಲ್ಲಿ ಅನ್ನೋದನ್ನೂ ನಾವು ವರದಿ ಮಾಡಿದ್ದೀವಿ. ಕೇಳಿದರೆ, "ಅವಳಿಗೆ ಗೊತ್ತಾಗಲ್ಲ, ನಾನು ಹೇಳಿಕೊಡ್ತಿದ್ದೀನಿ" ಅಂತಾರೆ. ಐದು ವರ್ಷ ಹೇಳಿಕೊಟ್ಟರೂ ಅವಳಿಗೆ ಸಹಿ ಮಾತ್ರ ಬರುತ್ತೆ ಅಂದ್ರೆ, ಹೇಳಿಕೊಡೋರ ಉದ್ದೇಶವೇ ಬೇರೆ. ಮಾವುತ ಕಾವಾಡಿಯ ಕೈಗೆ ಆನೆ ಬಿಡ್ತಾನೆ. ಬಿಡದೇ ಇದ್ದರೆ ಅವನು ಗುರು ಅಲ್ಲ.

ಇನ್ನೊಂದು ಮಾತು. 2018ರ ಮೀಟೂ ಆದ ಮೇಲೆ ಕೆಲವು ಗಂಡಸರು, "ನಮಗ್ಯಾಕೆ ಉಸಾಬರಿ, ಹೆಣ್ಣುಮಕ್ಕಳ ಜೊತೆ ಒಬ್ಬರೇ ಕೂತು ಮಾತಾಡೋದೇ ಬೇಡ" ಅಂತ ದೂರ ನಿಂತರು. ಸ್ವಾಮಿ, ಮೇಲಿನ ಕುರ್ಚಿಗಳಲ್ಲಿ ಜಾಸ್ತಿ ಇರೋರು ನೀವೇ. ನೀವು ದೂರ ನಿಂತರೆ ಅವಳಿಗೆ ಹೇಳಿಕೊಡೋರು ಯಾರು? 1997ರ ವಿಶಾಖಾ ತೀರ್ಪು, 2013ರ ಕಾಯ್ದೆ ಬಂದಿದ್ದು ಕಿರುಕುಳ ತಡೆಯೋಕೆ. ಕೆಲಸ ಕಲಿಸೋದನ್ನ ತಡೆಯೋಕೆ ಅಲ್ಲ. ಹಗಲು ಹೊತ್ತಿನಲ್ಲಿ, ಆಫೀಸಿನಲ್ಲೇ, ಬಾಗಿಲು ತೆಗೆದಿಟ್ಟು ಮಾತಾಡಿ. ಇಬ್ಬರು ಮೂವರನ್ನ ಒಟ್ಟಿಗೆ ಕೂರಿಸಿ ಹೇಳಿಕೊಡಿ. ಹುಡುಗನ ಜೊತೆ ಸಂಜೆ ಟೀ ಕುಡೀತಾ ಹೇಳೋ ಮಾತನ್ನ ಹುಡುಗಿಗೆ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಹೇಳಿ. ಅಷ್ಟೇ ವ್ಯತ್ಯಾಸ.

ಮೇಲೆ ಬಂದ ಹೆಣ್ಣುಮಕ್ಕಳಿಗೂ ಒಂದು ಮಾತು. "ನಾನು ಪಟ್ಟ ಕಷ್ಟ ನೀನೂ ಪಡು" ಅನ್ನೋದು ಅತ್ತೆ ಸೊಸೆಯ ಹಳೇ ಕಥೆ. ಆಫೀಸಿಗೂ ಅದನ್ನ ತರೋದು ಬೇಡ. ಹಾಗೇ, ಮೇಲಿರೋ ಒಬ್ಬಳೇ ಹೆಂಗಸಿನ ಮೇಲೆ ಕೆಳಗಿನ ಐವತ್ತು ಜನರ ಭಾರ ಹೊರಿಸೋದೂ ತಪ್ಪು. ಕಲಿಸೋದು ಕೆಲಸ. ಆ ಕೆಲಸಕ್ಕೆ ಕಂಪನಿ ಸಮಯ ಕೊಡಬೇಕು, ಅಪ್ರೈಸಲ್‌ನಲ್ಲಿ ಅಂಕ ಕೊಡಬೇಕು.

ಹಾಗಾದರೆ ಮಾಡಬೇಕಾದ್ದೇನು? ಕೆಲಸಕ್ಕೆ ಸೇರಿದ ಹುಡುಗಿಯರೇ, "ನನಗೆ ಮೆಂಟರ್ ಆಗಿ" ಅಂತ ಯಾರನ್ನೂ ಕೇಳಬೇಡಿ, ಅವರಿಗೆ ಏನು ಮಾಡಬೇಕು ಅಂತಲೇ ಗೊತ್ತಾಗಲ್ಲ. "ಮೇಡಂ, ಈ ವರದಿ ಒಮ್ಮೆ ನೋಡಿ, ಎಲ್ಲಿ ಸರಿ ಇಲ್ಲ ಹೇಳಿ" ಅಂತ ಕೇಳಿ. "ಸರ್, ಮುಂದಿನ ಹುದ್ದೆಗೆ ನನ್ನಲ್ಲಿ ಏನು ಕಡಿಮೆ ಇದೆ?" ಅಂತ ಕೇಳಿ. ಉತ್ತರ ಬರೆದಿಟ್ಟುಕೊಳ್ಳಿ, ಮೂರು ತಿಂಗಳಾದ ಮೇಲೆ ಅದನ್ನೇ ಹಿಡಿದು ಮತ್ತೆ ಹೋಗಿ. ಒಬ್ಬರೇ ಗುರುವಿಗೆ ಕಾಯಬೇಡಿ. ಲೆಕ್ಕ ಒಬ್ಬರ ಹತ್ತಿರ, ಮಾತುಗಾರಿಕೆ ಇನ್ನೊಬ್ಬರ ಹತ್ತಿರ ಕಲಿಯಿರಿ.

ಮಾಲೀಕರೇ, ಮ್ಯಾನೇಜರ್‌ಗಳೇ, ಬಡ್ತಿಗೆ ಹೆಸರು ಕಳಿಸುವಾಗ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಹೆಸರು ಎಷ್ಟಿದೆ ಅಂತ ಒಮ್ಮೆ ಎಣಿಸಿ. ಸೊನ್ನೆ ಇದ್ದರೆ, ಯಾಕೆ ಅಂತ ಪಟ್ಟಿ ತಂದವರನ್ನ ಕೇಳಿ. ಮುಖ್ಯವಾದ ಮೀಟಿಂಗ್ ಸಂಜೆ ಆರರ ನಂತರ ಇಡಬೇಡಿ. ತೋಟದವರೇ, ಮುಂದಿನ ಕೊಯ್ಲಿನಲ್ಲಿ ಓದು ಬರಹ ಬರೋ ಇಬ್ಬರು ಹೆಂಗಸರನ್ನ ರೈಟರ್ ಪಕ್ಕ ಒಂದು ತಿಂಗಳು ನಿಲ್ಲಿಸಿ ನೋಡಿ. ತಕ್ಕಡಿ ಅವರ ಕೈಯಲ್ಲಿ ಕೊಡಿ.

ಮೆಂಟರಿಂಗ್‌ನಿಂದ ಎಲ್ಲ ಸರಿಯಾಗುತ್ತೆ ಅಂತ ನಾನು ಹೇಳ್ತಿಲ್ಲ. ತಿತಿಮತಿಗೆ ಕೊನೇ ಬಸ್ಸನ್ನ ಯಾವ ಮೆಂಟರ್ರೂ ತರಲ್ಲ. ಮಗು ನೋಡಿಕೊಳ್ಳೋ ವ್ಯವಸ್ಥೆ, ಸಮಾನ ಕೂಲಿ, ಸುರಕ್ಷಿತ ರಸ್ತೆ, ಇವೆಲ್ಲ ಸರ್ಕಾರದ, ಮಾಲೀಕರ ಹೊಣೆ. ಅವುಗಳ ಬದಲಿಗೆ ಒಂದು ಕಾರ್ಯಾಗಾರ ಮಾಡಿ ಕೈ ತೊಳ್ಕೊಂಡರೆ ಅದು ಮೋಸ. ಆದರೆ ಬಸ್ ಬರೋವರೆಗೂ ಕಾಯದೆ ಇವತ್ತೇ ಮಾಡಬಹುದಾದ ಒಂದು ಕೆಲಸ ಇದೆ, ಅದಕ್ಕೆ ಬಜೆಟ್ ಬೇಡ, ಸುತ್ತೋಲೆ ಬೇಡ.

2009ರ ಆಗಸ್ಟ್‌ನಲ್ಲಿ ನಿರುಪಮಾ ರಾವ್ ದೇಶದ ವಿದೇಶಾಂಗ ಕಾರ್ಯದರ್ಶಿ ಆದರು. ಅದಕ್ಕೂ ಮುಂಚೆ, 2001ರಲ್ಲಿ ಚೋಕಿಲಾ ಅಯ್ಯರ್ ಆ ಕುರ್ಚಿಯಲ್ಲಿ ಕೂತ ಮೊದಲ ಮಹಿಳೆಯಾಗಿದ್ದರು. ಮದುವೆಯಾದರೆ ಹೊರಡು ಅಂತ ಬರೆಸಿಕೊಂಡ ಅದೇ ಸೇವೆಯಲ್ಲಿ. ಮುತ್ತಮ್ಮ ಬೆಂಗಳೂರಿನಲ್ಲಿ ತೀರಿಕೊಂಡಿದ್ದು 2009ರ ಅಕ್ಟೋಬರ್‌ನಲ್ಲಿ, ಇದೆಲ್ಲ ಆದಮೇಲೆ. ಒಬ್ಬರು ಒಂಟಿಯಾಗಿ ಕಾಲುದಾರಿ ಸವೆಸಿದರು, ಹಿಂದೆ ಬಂದವರಿಗೆ ಅದು ರಸ್ತೆಯಾಯ್ತು.

ಈ ಕಾರ್ಯಕ್ರಮ ನೋಡ್ತಿರೋ ನಿಮ್ಮಲ್ಲಿ ಯಾರಾದರೂ ಹೆಡ್‌ಮಾಸ್ಟರ್ ಇರ್ತೀರಿ, ಬ್ಯಾಂಕ್ ಮ್ಯಾನೇಜರ್ ಇರ್ತೀರಿ, ಟೀಮ್ ಲೀಡ್ ಇರ್ತೀರಿ, ತೋಟದ ಸಾಹುಕಾರರು ಇರ್ತೀರಿ. ನಿಮ್ಮ ಕೈಕೆಳಗೆ ಚೆನ್ನಾಗಿ ಕೆಲಸ ಮಾಡೋ 'ಅವಳು' ಒಬ್ಬಳು ಇದ್ದೇ ಇರ್ತಾಳೆ. ಈ ವಾರ ಯಾವುದಾದರೂ ಒಂದು ಸಭೆಯಲ್ಲಿ, ಅವಳು ಇಲ್ಲದಿರುವಾಗ, ಅವಳ ಹೆಸರು ಹೇಳಿ. ಹೇಳಿದ ಮೇಲೆ ಆ ಮಾತಿಗೆ ನಿಲ್ಲಿ.